ಏಳು ಕಡೆ ಕೈ, ಒಂದು ಸುತ್ತು, ಒಂದು ಕೆಮ್ಮು

ನನ್ನ ಅಂಗಡಿಯ ಗೋಡೆಯ ಮೇಲೆ, ದೇವರ ಫೋಟೋಕ್ಕೂ ಗಡಿಯಾರಕ್ಕೂ ನಡುವೆ, ಒಂದು ಹಿತ್ತಾಳೆಯ ತಾಟು ನೇತಾಡುತ್ತಿದೆ. ತಾಟು ಎನ್ನುವುದು ನನ್ನ ಮಾತು. ನೋಡಿದವರು ಯಾರೂ ಹಾಗೆನ್ನುವುದಿಲ್ಲ. ಅದರ ಅರ್ಧ ಭಾಗ ಹಪ್ಪಳದಂತೆ ಮಡಚಿಕೊಂಡಿದೆ, ಅಂಚಿನಲ್ಲಿ ಮೂರು ಕಡೆ ಬೆರಳು ಹೋಗುವಷ್ಟು ಸೀಳಿದೆ. ಮೊನ್ನೆ ಕುರನೂರಿನಿಂದ ಬಂದ ಗಿರಾಕಿಯೊಬ್ಬರು ಚಹ ಕುಡಿಯುತ್ತ ಅದನ್ನೇ ದಿಟ್ಟಿಸಿ, ಅದು ಯಾವ ಮಶೀನಿನ ತಗಡಿನ ಪತ್ರಾ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿದರು. ಮಾರಾಟಕ್ಕಿಲ್ಲ ಎಂದೆ. ಹಾಗೆಂದ ಕೂಡಲೇ ಅವರಿಗೆ ಅದು ಬೇಕೇ ಬೇಕೆನಿಸಿತು. ಸೋಲಾಪುರದಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿದವನಿಗೆ ಇದು ಹೊಸದೇನಲ್ಲ.

ಅದು ನನ್ನ ವೈನಿಯ ಆರತಿ ತಾಟು. ವೈನಿ ಎಂದರೆ ಅಣ್ಣನ ಹೆಂಡತಿ. ನಮ್ಮ ಕಡೆ ಅತ್ತಿಗೆ ಎಂಬ ಶಬ್ದ ಸಾಲಿಯ ಪುಸ್ತಕದಲ್ಲಿ ಮಾತ್ರ ಇತ್ತು, ಮನೆಯೊಳಗೆ ಮರಾಠಿಯ ವೈನಿಯೇ ಇದ್ದಳು. ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಎಂಟು ವರ್ಷವಿದ್ದಾಗ ವೈನಿ ನಾಗಣಸೂರಿನ ನಮ್ಮ ಮನೆಗೆ ಬಂದರು, ಆಗ ಅವರಿಗೆ ಹದಿನಾರು. ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಸಾಲಿಗೆ ಅಟ್ಟಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವರೇ. ಹೀಗಿರುವಾಗ, ಅವರ ಆರತಿ ತಾಟನ್ನು ಆ ಗತಿಗೆ ತಂದವನು ನಾನು. ತಾಟಿನ ಜಾಗದಲ್ಲಿ ಅವರ ಎರಡು ಕೈ ಸಿಕ್ಕಿಬಿಡುತ್ತಿದ್ದವು ಎಂಬುದನ್ನು ನಾನು ಮರೆಯಬಾರದು. ಅದಕ್ಕೇ ಅದನ್ನು ಕಣ್ಣಿಗೆ ಬೀಳುವ ಕಡೆ ತೂಗುಹಾಕಿದ್ದೇನೆ.

ಮೊದಲು ನನ್ನ ದೊಡ್ಡಸ್ತಿಕೆಯನ್ನು ಹೇಳಿಬಿಡುತ್ತೇನೆ, ಬಿದ್ದದ್ದು ಎಷ್ಟು ಎತ್ತರದಿಂದ ಎಂದು ನಿಮಗೆ ತಿಳಿಯಬೇಕಲ್ಲ. ಅಕ್ಕಲಕೋಟ ರಸ್ತೆಯಲ್ಲಿ ನನ್ನದು ಹೊಲದ ಯಂತ್ರಗಳ ಅಂಗಡಿ. ಔಷಧ ಹೊಡೆಯುವ ಪಂಪು, ಮೇವು ಕತ್ತರಿಸುವ ಮಶೀನು, ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯುವ ಪವರ್ ವೀಡರು. ಇವು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ನನ್ನ ಅಂಗಡಿಯಲ್ಲಿ ಮಾತ್ರ ಸಿಗುತ್ತಿದ್ದದ್ದು ನನ್ನ ಭಾಷಣ. ಯಂತ್ರ ಚಾಲೂ ಮಾಡುವ ಮೊದಲು ನೋಡಬೇಕಾದ ಹತ್ತು ಸಂಗತಿಗಳು. ಒಂದು, ಇಂಜಿನ್ ಆಯಿಲ್. ಎರಡು, ಪೆಟ್ರೋಲು. ಮೂರು, ಗಾಳಿ ಸೋಸುವ ಫಿಲ್ಟರು. ನಾಲ್ಕು, ಗೇರು ನ್ಯೂಟ್ರಲ್. ಐದು, ನಟ್ಟು ಬೋಲ್ಟು. ಹೀಗೆ ಹತ್ತರವರೆಗೆ. ಬಂದವರು ದಕ್ಷಿಣ ಸೋಲಾಪುರದವರಾದರೆ ಕನ್ನಡದಲ್ಲಿ, ಬಾರ್ಶಿ ಕಡೆಯವರಾದರೆ ಮರಾಠಿಯಲ್ಲಿ, ಜೋಡಿಯಾಗಿ ಬಂದರೆ ಎರಡನ್ನೂ ಕಲಸಿ. ಯಂತ್ರದ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಬರುತ್ತದೆ, ಇದೆಲ್ಲವೂ ಅದರಲ್ಲಿದೆ. ಆದರೆ ಆ ಪುಸ್ತಕ ನಮ್ಮ ಕಡೆ ಒಲೆ ಹಚ್ಚಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆಯಾದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಆ ಪುಸ್ತಕ ನಾನೇ ಆಗಿದ್ದೆ. ಕೆಲವರು ಯಂತ್ರ ಕೊಳ್ಳದೆ ಭಾಷಣವನ್ನಷ್ಟೇ ಕೇಳಿ ಹೋಗುತ್ತಿದ್ದರು. ಅದಕ್ಕೂ ನನಗೆ ಬೇಸರವಿರಲಿಲ್ಲ.

ನಾನು ಭಾಷಣ ಮಾಡುವಾಗ ಯಂತ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದವರು ಮಿಸ್ತ್ರಿ ರಜಾಕ್. ನನ್ನದೇ ವಯಸ್ಸು, ನನ್ನ ಹತ್ತು ಪಟ್ಟು ಕೆಲಸ, ನನ್ನ ಹತ್ತರಲ್ಲೊಂದು ಪಾಲು ಮಾತು. ನಾನು ಆಯಿಲ್ ಎಂದರೆ ಅವರ ಕೈ ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ, ತೆಗೆದು ತೋರಿಸುತ್ತಿತ್ತು. ನಾನು ಗೇರು ಎಂದರೆ ಅವರ ಕೈ ಗೇರಿನ ಮೇಲಿರುತ್ತಿತ್ತು. ನನ್ನ ಬಾಯಿ, ಅವರ ಕೈ. ಇಪ್ಪತ್ತು ವರ್ಷ ಹೀಗೆ ನಡೆದದ್ದರಿಂದ, ಅದು ಇಬ್ಬರ ಕೆಲಸ ಎಂಬುದೇ ನನಗೆ ಮರೆತುಹೋಗಿತ್ತು. ನಾನೊಬ್ಬನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಇನ್ನು ನಮ್ಮ ಅಪ್ಪನ ವಿಷಯ. ಅಪ್ಪ ಭಾಷಣ ಮಾಡುವ ಪೈಕಿಯಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಬಾಯಿಂದ ಬೀಳುತ್ತಿದ್ದ ಮಾತುಗಳು ಒಂದು ಬೊಗಸೆಯಲ್ಲಿ ಹಿಡಿಯುತ್ತಿದ್ದವು. ನಮ್ಮ ಬಾವಿಯ ಮೇಲೆ ಒಂದು ಡೀಸೆಲ್ ಇಂಜಿನ್ನಿತ್ತು. ಕಪ್ಪಗೆ, ಕುಳ್ಳಗೆ, ಎರಡು ದೊಡ್ಡ ಚಕ್ರಗಳನ್ನು ಕಿವಿಯ ಹಾಗೆ ಅತ್ತಿತ್ತ ಇಟ್ಟುಕೊಂಡು ಕೂತಿರುತ್ತಿತ್ತು. ಅದನ್ನು ಚಾಲೂ ಮಾಡುವ ಮೊದಲು ಅಪ್ಪ ಮಾಡುತ್ತಿದ್ದ ಕ್ರಮವನ್ನು ನಾವಿಬ್ಬರು ಅಣ್ಣತಮ್ಮಂದಿರು ಬಾವಿಕಟ್ಟೆಯ ಮೇಲೆ ಕೂತು ದಿನಾ ನೋಡುತ್ತಿದ್ದೆವು. ಮೊದಲು ರುಮಾಲು ತೆಗೆದು ಬೇವಿನ ಟೊಂಗೆಗೆ ಸಿಗಿಸುತ್ತಿದ್ದ. ಧೋತರದ ಚುಂಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದ. ಆಮೇಲೆ ಆಯಿಲ್ ಕಡ್ಡಿ ಮುಟ್ಟುತ್ತಿದ್ದ. ಡೀಸೆಲ್ ಟಾಕಿಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ಟಾಕಿಯಿಂದ ಇಳಿದ ನಳಿಗೆಯ ಕೆಳಗೆ ಬೆರಳು ಆಡಿಸುತ್ತಿದ್ದ. ನೀರಿನ ಡ್ರಮ್ಮಿನೊಳಗೆ ಕೈ ಅದ್ದುತ್ತಿದ್ದ. ಪಟ್ಟಾ ಎಂದು ನಾವು ಕರೆಯುವ ಬೆಲ್ಟನ್ನು ಚಿವುಟುತ್ತಿದ್ದ. ಬುಡದ ಬೋಲ್ಟುಗಳನ್ನು ತಿರುವಿ ನೋಡುತ್ತಿದ್ದ. ಕೊನೆಗೆ ಚಕ್ರವನ್ನು ಕೈಯಿಂದಲೇ ಅರ್ಧ ಸುತ್ತು ಮೆಲ್ಲಗೆ ತಿರುಗಿಸುತ್ತಿದ್ದ. ಒಟ್ಟು ಏಳು ಕಡೆ. ಒಂದೊಂದು ಕಡೆ ಮುಟ್ಟಿದಾಗಲೂ ಆ ಕೈಯಿಂದ ಹಣೆಯ ಬೆವರು ಒರೆಸಿಕೊಳ್ಳುವುದು ಅವನ ರೂಢಿ. ಏಳೂ ಮುಗಿದ ಮೇಲೆ ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ, ಗಂಟಲು ತುಂಬ ಒಮ್ಮೆ ಕೆಮ್ಮಿ, ಆಮೇಲೆ ಹ್ಯಾಂಡಲ್ಲಿಗೆ ಕೈ ಹಾಕುತ್ತಿದ್ದ.

ಇದನ್ನು ದಿನಾ ನೋಡುತ್ತಿದ್ದ ಅಣ್ಣನಿಗೆ, ಇದು ಪೂಜೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಏಳು ಕಡೆ ಮುಟ್ಟಿ ಏಳು ಸಲ ಹಣೆಗೆ ಕೈ, ಆಮೇಲೆ ಪ್ರದಕ್ಷಿಣೆ. ಪೂಜೆ ಅಲ್ಲದೆ ಮತ್ತೇನು. ಕೆಮ್ಮು ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಗುಡಿಯಲ್ಲಿ ಗಂಟೆ ಯಾಕೆ ಹೊಡೆಯುತ್ತಾರೆ ಎಂದು ಅಣ್ಣ ತಿರುಗಿ ಕೇಳಿದ.

ನಾನು ಪೂಜೆಯ ಕಡೆ ಹೋದವನಲ್ಲ, ಬುದ್ಧಿವಂತಿಕೆಯ ಕಡೆ ಹೋದವನು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ, ಅಪ್ಪ ಊರೊಳಗೆ ಹೋದಾಗ, ಸುತ್ತೂ ಬೇಡ ಕೆಮ್ಮೂ ಬೇಡ ಎಂದು ನೇರವಾಗಿ ಹ್ಯಾಂಡಲ್ ಹಾಕಿ ತಿರುವಿದೆ. ಇಂಜಿನ್ ಹಿಂದಕ್ಕೊಂದು ಒದೆ ಕೊಟ್ಟಿತು. ಹ್ಯಾಂಡಲ್ಲನ್ನು ಮುಷ್ಟಿ ಬಿಗಿದು ಹಿಡಿದಿದ್ದ ನನ್ನ ಹೆಬ್ಬೆರಳು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಬಿದ್ದೆ. ವೈನಿ ಓಡಿ ಬಂದು ಅರಿಶಿನ ಹಚ್ಚಿ, ತಮ್ಮ ಹಳೆಯ ಸೀರೆಯ ಅಂಚು ಹರಿದು ಕಟ್ಟಿ, ನನಗಿಂತ ಹೆಚ್ಚು ಅತ್ತರು. ಅಪ್ಪ ಬಂದವನು ಬೆರಳು ನೋಡಿದ, ಇಂಜಿನ್ ನೋಡಿದ, ಆ ದಿನದ ಪಾಲಿನ ಮಾತನ್ನು ಖರ್ಚು ಮಾಡಿದ.

“ಹೆಬ್ಬಟ್ಟು ಹೊರಗ ಇರಬೇಕು.”

ಅಂದರೆ ಐದೂ ಬೆರಳು ಒಂದೇ ಕಡೆ ಇರಬೇಕು, ಹ್ಯಾಂಡಲ್ ಒದ್ದರೆ ಕೈ ತಾನೇ ಜಾರಬೇಕು. ಇಷ್ಟನ್ನು ಹೇಳಲು ನಾನಾಗಿದ್ದರೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ. ಆ ಹೆಬ್ಬೆರಳು ಇವತ್ತಿಗೂ ಸೊಟ್ಟಗಿದೆ. ಆ ಒದೆಯ ವೇಗದಲ್ಲೇ ನಾನು ಸೋಲಾಪುರಕ್ಕೆ ಬಂದು ಬಿದ್ದೆ ಎಂದು ಅಣ್ಣ ಎಲ್ಲರ ಮುಂದೂ ಹೇಳುತ್ತಾನೆ. ಹೊಲ ಅವನಿಗೆ, ಅಂಗಡಿ ನನಗೆ.

ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಅದಕ್ಕೂ ಮುಂಚೆಯೇ ಬಾವಿಗೆ ಕರೆಂಟಿನ ಮೋಟರು ಬಂದು, ಡೀಸೆಲ್ ಇಂಜಿನ್ ಗುಜರಿಗೆ ಹೋಗಿತ್ತು. ಇಂಜಿನ್ ಹೋದರೂ ಪೂಜೆ ಹೋಗಲಿಲ್ಲ. ಮೋಟರಿನ ಗುಂಡಿ ಒತ್ತುವ ಮೊದಲು ಅಣ್ಣ ಆ ಡಬ್ಬಿಯನ್ನೇ ಏಳು ಕಡೆ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. ಡಬ್ಬಿ ಗೋಡೆಗೆ ಅಂಟಿಕೊಂಡಿದ್ದರಿಂದ ಸುತ್ತು ಹಾಕಲು ಬರುತ್ತಿರಲಿಲ್ಲ, ಅದಕ್ಕಾಗಿ ಇಡೀ ಪಂಪ್‌ಮನೆಯನ್ನೇ ಸುತ್ತಿ ಬಂದು ಕೆಮ್ಮುತ್ತಿದ್ದ. ಕೆಮ್ಮು ಥೇಟ್ ಅಪ್ಪನದೇ. ಒಮ್ಮೆ ಸೋಲಾಪುರದ ನಮ್ಮ ಮನೆಗೆ ಬಂದಾಗ, ನನ್ನ ಹೆಂಡತಿ ಮಿಕ್ಸರಿನಲ್ಲಿ ಚಟ್ನಿ ಹಾಕಿದ್ದನ್ನು ನೋಡಿ ಅವನ ಕೈ ತಾನೇ ಮೇಲೆದ್ದಿತ್ತು. ನಾನು ನಗುತ್ತಿದ್ದೆ. ಅಂಗಡಿಯಲ್ಲಿ ಭಾಷಣದ ನಡುವೆ ಈ ಕಥೆ ಹೇಳಿ ಗಿರಾಕಿಗಳನ್ನೂ ನಗಿಸುತ್ತಿದ್ದೆ. ಮುಟ್ಟಿದರೆ ಸಾಲದು, ತೆರೆದು ನೋಡಬೇಕು ಎನ್ನುತ್ತಿದ್ದೆ. ರಜಾಕ್ ಮಾತ್ರ ನಗದೆ, ಕೂತಲ್ಲೇ ಮುಚ್ಚಳ ತೆರೆದು ನೋಡುತ್ತಿದ್ದರು.

ಎರಡು ವರ್ಷದ ಹಿಂದೆ ಅಣ್ಣ ಎತ್ತುಗಳನ್ನು ಕೊಟ್ಟುಬಿಟ್ಟ. ಮೊಣಕಾಲು ಕೇಳುವುದಿಲ್ಲ, ಎತ್ತಿನ ಹಿಂದೆ ನಡೆಯಲಾಗುವುದಿಲ್ಲ ಎಂದ. ತೊಗರಿ ಸಾಲಿನಲ್ಲಿ ಎಡೆ ಹೊಡೆಯಲು ವೀಡರು ಬೇಕು, ಅದೂ ತಮ್ಮನ ಅಂಗಡಿಯದೇ ಬೇಕು, ಅದೂ ಗುರುವಾರವೇ ಬರಬೇಕು ಎಂದು ಹೇಳಿ ಕಳಿಸಿದ. ಗುರುವಾರ ರಜಾಕ್ ಅವರ ಮನೆಯಲ್ಲಿ ಮದುವೆ, ಅವರು ಕಲಬುರಗಿಗೆ ಹೋಗಿದ್ದರು. ಶುಕ್ರವಾರ ಬರುತ್ತೇನೆ ಮಾಲಕ್, ತಡೆಯಿರಿ ಎಂದು ಹೇಳಿಯೇ ಹೋಗಿದ್ದರು. ಒಂದು ವೀಡರು ಚಾಲೂ ಮಾಡಲು ಮಿಸ್ತ್ರಿ ಯಾಕೆ ಬೇಕು? ಹತ್ತು ಸಂಗತಿಗಳನ್ನು ಜಗತ್ತಿಗೆಲ್ಲ ಹೇಳಿಕೊಟ್ಟವನು ನಾನು.

ಟೆಂಪೋದಲ್ಲಿ ಯಂತ್ರವನ್ನು ಏರಿಸಿದಾಗ, ದಾರಿಯಲ್ಲಿ ಉರುಳಾಡಬಾರದೆಂದು ನಾನೇ ಅದನ್ನು ಗೇರಿಗೆ ಹಾಕಿದೆ. ಗೇರಿನಲ್ಲಿದ್ದರೆ ಗಾಲಿ ತಿರುಗುವುದಿಲ್ಲ, ಯಂತ್ರ ಇಟ್ಟಲ್ಲಿ ನಿಲ್ಲುತ್ತದೆ. ಡ್ರೈವರು ನನ್ನ ಬುದ್ಧಿಯನ್ನು ಹೊಗಳಿದ. ಆ ಹೊಗಳಿಕೆ ಅಕ್ಕಲಕೋಟ ದಾಟುವವರೆಗೂ ನನ್ನ ಜೊತೆಯಲ್ಲಿತ್ತು. ಗೇರು ಮಾತ್ರ ಮರೆತುಹೋಯಿತು.

ಮನೆಯ ಮುಂದಿನ ಅಂಗಳದಲ್ಲಿ ಯಂತ್ರ ಇಳಿಸಿದೆವು. ರಬ್ಬರು ಗಾಲಿ ಕಳಚಿ, ಅದೇ ಅಚ್ಚಿಗೆ ಮಣ್ಣು ಕೆದರುವ ಕಬ್ಬಿಣದ ಹಲ್ಲುಗಳನ್ನು ತೊಡಿಸಿದೆ. ಹಲ್ಲಿಲ್ಲದ ವೀಡರಿಗೆ ಆರತಿ ಮಾಡಿದರೆ ಏನು ಶೋಭೆ ಎಂದು ಅಣ್ಣನ ವಾದ, ಅದು ನನಗೂ ಸರಿ ಕಂಡಿತು. ಓಣಿಯವರು ಏಳೆಂಟು ಜನ ಸೇರಿದ್ದರು. ಕಟ್ಟೆಯ ಮೇಲೆ ಅವರು, ಯಂತ್ರದ ಹಿಡಿಕೆಯ ಪಕ್ಕ ನಾನು. ಅಂಗಡಿಯಲ್ಲಿ ಒಬ್ಬಿಬ್ಬರಿಗೆ ಹೇಳುವವನಿಗೆ ಏಳೆಂಟು ಜನ ಸಿಕ್ಕರೆ ಹೇಗಾಗುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಅಷ್ಟರಲ್ಲಿ ವೈನಿ ಆರತಿ ತಾಟು ಹಿಡಿದು ಬಂದರು. ಅರಿಶಿನ, ಕುಂಕುಮ, ದೀಪ, ಎರಡು ನಿಂಬೆಹಣ್ಣು, ಒಡೆಯಲು ತೆಂಗಿನಕಾಯಿ. ನಮ್ಮ ಕಡೆ ಹೊಸ ಯಂತ್ರ ಬಂದರೆ ಮನೆಯ ಹಿರಿಯ ಹೆಣ್ಣುಮಗಳು ಎದುರಿಗೆ ಬಂದು ಆರತಿ ಬೆಳಗಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಆಮೇಲೆ ಚಾಲೂ ಮಾಡಿ ಹಣ್ಣು ಜಜ್ಜಿಸುವುದು ಪದ್ಧತಿ. ಟ್ರ್ಯಾಕ್ಟರಿಗೂ ಹಾಗೆ, ಮೋಟರ್‌ಸೈಕಲ್ಲಿಗೂ ಹಾಗೆ. ವೀಡರಿಗೆ ಗಾಲಿಯ ಜಾಗದಲ್ಲಿ ಹಲ್ಲುಗಳಿದ್ದವು. ವೈನಿ ಯಂತ್ರದ ಮುಂದೆ ನೆಲಕ್ಕೆ ಕೂತು, ತಾಟನ್ನು ಬದಿಗಿಟ್ಟುಕೊಂಡು, ಹಲ್ಲುಗಳ ಬುಡದಲ್ಲಿ ನಿಂಬೆಹಣ್ಣು ನಿಲ್ಲಿಸಲು ನೋಡುತ್ತಿದ್ದರು. ಅದು ಉರುಳುತ್ತಿತ್ತು, ಅವರು ಮತ್ತೆ ಇಡುತ್ತಿದ್ದರು.

ನಾನು ಹತ್ತು ಸಂಗತಿಗಳನ್ನು ಶುರು ಮಾಡಿದೆ. ಒಂದು, ಆಯಿಲ್. ಕಡ್ಡಿ ಎಳೆದು ತೋರಿಸಿದೆ, ಓಣಿಯವರು ತಲೆದೂಗಿದರು. ಎರಡು, ಪೆಟ್ರೋಲು. ಮುಚ್ಚಳ ತೆರೆದು ತೋರಿಸಿದೆ. ಮೂರು, ಫಿಲ್ಟರು. ನಾಲ್ಕು, ಗೇರು ನ್ಯೂಟ್ರಲ್ ಇರಲೇಬೇಕು, ಇಲ್ಲವಾದರೆ ಚಾಲೂ ಆದ ಕ್ಷಣ ಯಂತ್ರ ಮುಂದಕ್ಕೆ ಜಿಗಿಯುತ್ತದೆ ಎಂದು ಬೆರಳೆತ್ತಿ ಹೇಳಿದೆ. ಬೆರಳು ಆಕಾಶದ ಕಡೆಯಿತ್ತು. ಬಾಯಿ ಹೇಳಿತು, ಕೈ ಹೋಗಲಿಲ್ಲ. ಇಪ್ಪತ್ತು ವರ್ಷ ಆ ಗೇರಿನ ಮೇಲೆ ಹೋದದ್ದು ರಜಾಕ್ ಅವರ ಕೈ. ನನ್ನ ಕೈಗೆ ಆ ದಾರಿಯೇ ಗೊತ್ತಿರಲಿಲ್ಲ.

ಒಂಬತ್ತನೆಯದನ್ನೂ ಹೇಳಿದೆ. ಚಾಲೂ ಮಾಡುವಾಗ ಯಂತ್ರದಿಂದ ಹತ್ತು ಹೆಜ್ಜೆಯೊಳಗೆ ಯಾರೂ ಇರಬಾರದು. ನಿಂಬೆಹಣ್ಣು ನಿಲ್ಲಿಸುತ್ತಿದ್ದ ವೈನಿಯನ್ನು ನೋಡುತ್ತಲೇ ಹೇಳಿದೆ. ಆರತಿ ಮಾಡುವವರೂ ‘ಯಾರೂ’ ಎಂಬುದರೊಳಗೆ ಬರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಅದು ಗಿರಾಕಿಗಳ ವಿಷಯ, ಇದು ಮನೆಯ ವಿಷಯ.

ನನ್ನ ಭಾಷಣ ನಡೆಯುತ್ತಿರುವಾಗ ಅಣ್ಣ ತನ್ನದನ್ನು ಶುರು ಮಾಡಿದ್ದ. ಟಾಕಿ ಮುಟ್ಟಿ ಹಣೆಗೆ, ಸೈಲೆನ್ಸರು ಮುಟ್ಟಿ ಹಣೆಗೆ, ಹಿಡಿಕೆ ಮುಟ್ಟಿ ಹಣೆಗೆ. ಏಳು ಕಡೆ ಹುಡುಕಲು ಅವನಿಗೆ ಸ್ವಲ್ಪ ಕಷ್ಟವಾಯಿತು, ಕೊನೆಗೆ ಕಂಪನಿಯ ಸ್ಟಿಕ್ಕರನ್ನೂ ಮುಟ್ಟಿದ. ನಾನು ಓಣಿಯವರ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಏಳು ಮುಗಿದ ಮೇಲೆ ಅವನು ಪ್ರದಕ್ಷಿಣೆಗೆ ಹೊರಟ. ನನಗೆ ತಾಳ್ಮೆ ತಪ್ಪಿತ್ತು. ಸ್ವಿಚ್ಚು ಹಾಕಿ ಹಗ್ಗ ಎಳೆದೆ.

ಹಗ್ಗ ಭಾರವಾಗಿ ಬಂತು. ಯಂತ್ರ ಒಂದಿಷ್ಟು ಮುಗ್ಗರಿಸಿ ನಿಂತಿತು. ನ್ಯೂಟ್ರಲ್ಲಿನಲ್ಲಿದ್ದ ಇಂಜಿನ್ನಿನ ಹಗ್ಗ ಅಷ್ಟು ಭಾರವಾಗುವುದಿಲ್ಲ. ಅಪ್ಪನ ಕೈಯಾಗಿದ್ದರೆ ಅಲ್ಲೇ ನಿಲ್ಲುತ್ತಿತ್ತು. ನಾನು ಹೊಸ ಯಂತ್ರ ಬಿಗಿಯಾಗಿದೆ ಎಂದು ಎಲ್ಲರಿಗೂ ವಿವರಿಸಿ, ಕಾಲು ಗಟ್ಟಿ ಊರಿ, ಎರಡನೆಯ ಸಲ ಮೈಯ ಬಲವನ್ನೆಲ್ಲ ಹಾಕಲು ಸಜ್ಜಾದೆ.

ಆ ಹೊತ್ತಿಗೆ ಅಣ್ಣ ಸುತ್ತು ಮುಗಿಸಿ ಯಂತ್ರದ ಮುಂದೆ ಬಂದಿದ್ದ. ಬಂದವನು ಗಂಟಲು ತುಂಬ ಕೆಮ್ಮಿದ.

ನಾನು ಕಣ್ಣಾರೆ ನೋಡಿದೆ. ಕೆಮ್ಮು ಕೇಳಿದ ಕೂಡಲೇ ವೈನಿಯ ಕೈ ನಿಂಬೆಹಣ್ಣನ್ನು ಬಿಟ್ಟಿತು. ಸೆರಗು ತಲೆಯ ಮೇಲೆ ಬಂತು. ಅರವತ್ತು ದಾಟಿದ ಹೆಂಗಸು, ತಾಟನ್ನೂ ಮರೆತು, ಎದ್ದು ಎಡಕ್ಕೆ ನಾಲ್ಕು ಹೆಜ್ಜೆ ಸರಿದು ಗೋಡೆಗೆ ಮುಖ ಮಾಡಿ ನಿಂತರು. ಅಣ್ಣನೂ ತನ್ನ ಪೂಜೆ ಮುಗಿಯಿತೆಂದು ಇತ್ತ ಬಂದ. ನಾನು ಹಗ್ಗ ಎಳೆದೆ.

ಯಂತ್ರ ಒಂದು ಮಾರು ಜಿಗಿಯಿತು. ಹಲ್ಲುಗಳು ವೈನಿ ಕೂತಿದ್ದ ಜಾಗವನ್ನು ಹಾದು, ತಾಟನ್ನು ಎಳೆದುಕೊಂಡು, ಕರ್ರ್ ಎಂದು ಅಗಿದವು. ತಾಟು ಹಲ್ಲುಗಳ ನಡುವೆ ಸಿಕ್ಕಿ ಇಂಜಿನ್ ತಾನಾಗಿಯೇ ಬಂದ್ ಆಯಿತು. ಬಂದ್ ಮಾಡುವ ಕೆಂಪು ಗುಂಡಿ ಎಲ್ಲಿದೆ ಎಂದು ಸಾವಿರ ಜನರಿಗೆ ತೋರಿಸಿದ ನಾನು, ಹಗ್ಗದ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದೆ.

ಆಮೇಲೆ ಆದದ್ದು ನಾನು ಕಲ್ಪಿಸಿಕೊಂಡಿರದಂಥದ್ದು. ನನಗೆ ಯಾರೂ ಬೈಯಲಿಲ್ಲ. ಓಣಿಯ ಹಿರಿಯರೊಬ್ಬರು, ಮನೆಯ ಮೇಲೆ ಬರಬೇಕಿದ್ದ ಪೀಡೆ ತಾಟಿನ ಮೇಲೆ ಹೋಯಿತು ಎಂದರು. ಎಲ್ಲರೂ ಒಪ್ಪಿದರು. ಅಣ್ಣ ಯಂತ್ರಕ್ಕೆ ಇನ್ನೊಮ್ಮೆ ಕೈಮುಗಿದು, ದೇವರು ತನ್ನದು ತಾನು ತಗೊಂಡ ಎಂದು ಸಮಾಧಾನಪಟ್ಟ. ಒಬ್ಬರಂತೂ ಇಷ್ಟು ಜೋರಿರುವ ಯಂತ್ರ ತಮಗೂ ಬೇಕು ಎಂದರು. ತಪ್ಪು ಮಾಡಿದವನಿಗೆ ನಾಲ್ಕು ಬೈಗುಳ ಬಿದ್ದರೆ ಹಗುರಾಗುತ್ತದೆ. ಅವರು ನನ್ನ ತಪ್ಪನ್ನು ಎತ್ತಿ ದೇವರಿಗೆ ಕೊಟ್ಟುಬಿಟ್ಟರು, ಭಾರ ನನ್ನ ಹತ್ತಿರವೇ ಉಳಿಯಿತು.

ಎಲ್ಲರೂ ಹೋದ ಮೇಲೆ ಬಗ್ಗಿ ಗೇರು ನೋಡಿದೆ. ನಾನೇ ಹಾಕಿದ ಗೇರು, ಹಾಕಿದ ಹಾಗೆಯೇ ಇತ್ತು.

ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ಹೋಗಿ ಒಲೆಯ ಬಳಿ ಕೂತೆ. ಊಟದ ತಾಟಿನ ಮುಂದೆ ಕೂತರೂ ತುತ್ತು ಎತ್ತಲಾಗಲಿಲ್ಲ. ಹಿಟ್ಟು ಮೆತ್ತಿದ ಅವರ ಎರಡು ಕೈಗಳನ್ನೇ ನೋಡುತ್ತಿದ್ದೆ. ಕಣ್ಣು ತುಂಬಿ ಬಂತು, ಹೊಗೆ ಎಂದು ಹೇಳುವ ಹಾಗೂ ಇರಲಿಲ್ಲ, ಗ್ಯಾಸಿನ ಒಲೆ. ಗೇರು ನಾನೇ ಹಾಕಿದ್ದೆ, ಪೀಡೆ ಗೀಡೆ ಏನೂ ಅಲ್ಲ, ನನ್ನಿಂದ ನಿಮ್ಮ ಕೈ ಹೋಗುತ್ತಿತ್ತು ಎಂದು ಹೇಳಿಬಿಟ್ಟೆ. ಅವರು ರೊಟ್ಟಿ ತಿರುವಿ ಹಾಕಿದರು. ಆ ರೊಟ್ಟಿ ಬುಟ್ಟಿಗೆ ಇಳಿದ ಮೇಲೆ, ಅಣ್ಣ ಕೆಮ್ಮಿದ ಕೂಡಲೇ ಯಾಕೆ ಎದ್ದಿರಿ ಎಂದು ಕೇಳಿದೆ.

“ನಿಮ್ಮಣ್ಣ ಕೆಮ್ಮಿದ್ದು ಅಂತ ಎದ್ದಿಲ್ಲ, ತಮ್ಮಾ. ಮಾವಾರು ಕೆಮ್ಮಿದಂಗ ಕೇಳಿಸ್ತು.”

ಆಮೇಲೆ ಅವರು ಹೇಳಿದ್ದು ಇಷ್ಟು. ಅವರು ಹೊಸದಾಗಿ ಬಂದ ಕಾಲದಲ್ಲಿ ಮಾವ ಸೊಸೆಯ ಜೊತೆ ಮಾತಾಡುವ ರೂಢಿ ಇರಲಿಲ್ಲ. ಎದುರೂ ನಿಲ್ಲುವಂತಿರಲಿಲ್ಲ. ಮಧ್ಯಾಹ್ನ ಬಾವಿಗೆ ಬುತ್ತಿ ತಂದ ವೈನಿ, ಮಾವನ ಕಣ್ಣಿಗೆ ಬೀಳಬಾರದೆಂದು ಇಂಜಿನ್ನಿನ ಆಚೆ ಬದಿಯ ನೆರಳಿನಲ್ಲಿ ಕೂರುತ್ತಿದ್ದರು. ಬೆಲ್ಟು ಓಡುತ್ತಿದ್ದದ್ದು ಅದೇ ಬದಿಯಲ್ಲಿ. ಏಳಮ್ಮಾ ಎಂದು ಹೇಳಲು ಅಪ್ಪನಿಗೆ ಬಾಯಿಲ್ಲ, ಇದ್ದಾಳೋ ಇಲ್ಲವೋ ನೋಡದೆ ಚಾಲೂ ಮಾಡಲು ಮನಸ್ಸಿಲ್ಲ. ಅದಕ್ಕೆ ಒಂದು ಸುತ್ತು ಬರುತ್ತಿದ್ದ, ಒಮ್ಮೆ ಕೆಮ್ಮುತ್ತಿದ್ದ. ವೈನಿ ಸೆರಗು ಹೊದ್ದು ಎದ್ದು ಬೇವಿನ ಗಿಡದ ಕಡೆ ಹೋಗುತ್ತಿದ್ದರು. ಅವರು ಹೋಗಿದ್ದು ಕಂಡ ಮೇಲೆ ಹ್ಯಾಂಡಲ್ಲಿಗೆ ಕೈ. ವೈನಿ ಬುತ್ತಿ ತರುವುದು ನಿಂತ ಮೇಲೂ ಅಪ್ಪ ಕೆಮ್ಮುವುದನ್ನು ಬಿಡಲಿಲ್ಲ.

ಬಾವಿಕಟ್ಟೆಯ ಮೇಲೆ ಕೂತು ಅದನ್ನು ನೂರಾರು ಸಲ ನೋಡಿದ ನಾವಿಬ್ಬರು, ಒಬ್ಬ ದೇವರೆಂದ, ಇನ್ನೊಬ್ಬ ಮೂಢನಂಬಿಕೆ ಎಂದ. ಇಂಜಿನ್ನಿನ ಆಚೆ ಬದಿಯಲ್ಲಿ ಹದಿನಾರು ವರ್ಷದ ಒಂದು ಹುಡುಗಿ ಕೂತಿದ್ದಾಳೆ ಎಂಬುದು ಇಬ್ಬರಿಗೂ ಕಾಣಲಿಲ್ಲ. ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ತಿಳಿಯದೆ ವೈನಿಯ ಮೇಲೆಯೇ ತಿರುಗಿಸಿದೆ. ಇದು ಪೂಜೆಯಲ್ಲ ಎಂದು ಗೊತ್ತಿದ್ದೂ ಇಷ್ಟು ವರ್ಷ ಅಣ್ಣನಿಗೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ಬಿಟ್ಟಬಿಡತಿದ್ರು,” ಎಂದರು ವೈನಿ. “ದೇವರ ಹೆಸರ್ಲೆ ಆದ್ರೂ ಒಂದ್ ಸುತ್ತು ಹಾಕಾಕತ್ಯಾರಲ್ಲ, ಹಾಕ್ಲಿ. ನೀ ಉಣ್ಣು ಮೊದ್ಲ.”

ಉಂಡೆ. ಬರುವಾಗ ಆ ತಾಟನ್ನು ಕೇಳಿ ತಂದೆ. ವೈನಿ ಸೋಲಾಪುರದಲ್ಲಿ ತಟ್ಟಿಸಿ ಸರಿ ಮಾಡಿಸುತ್ತಾನೆ ಎಂದುಕೊಂಡು ಕೊಟ್ಟರು. ನಾನು ಹೊಸದೊಂದನ್ನು ಕಳಿಸಿ, ಹಳೆಯದನ್ನು ಇಟ್ಟುಕೊಂಡೆ.

ಆದರೆ ಒಂದು ಬದಲಾವಣೆ ಆಗಿಹೋಗಿತ್ತು. ನನ್ನ ಮೇಲೆ ವೈನಿಗೆ ಮುನಿಸಿರಲಿಲ್ಲ, ಹೋಳಿಗೆ ಕಳಿಸುವುದು ನಿಲ್ಲಲಿಲ್ಲ. ಆದರೆ ನಾನು ಊರಿಗೆ ಹೋದಾಗ ಯಾವುದೇ ಯಂತ್ರಕ್ಕೆ ಕೈ ಹಾಕಿದರೆ ಅವರು ಅಲ್ಲಿರುತ್ತಿರಲಿಲ್ಲ. ಔಷಧ ಹೊಡೆಯುವ ಪಂಪಿನ ನಳಿಗೆ ನೋಡಲೆಂದು ಬಗ್ಗಿದರೆ ಅವರಿಗೆ ಎಮ್ಮೆಗೆ ಮೇವು ಹಾಕುವುದು ನೆನಪಾಗುತ್ತಿತ್ತು. ಅವರ ಮನೆಯ ಮಿಕ್ಸರಿನ ಗುಂಡಿ ಒತ್ತಲು ಹೋದರೂ ಸೆರಗು ಸರಿಪಡಿಸಿಕೊಂಡು ಹಿತ್ತಲಿಗೆ ನಡೆದುಬಿಡುತ್ತಿದ್ದರು. ನನ್ನ ಸೊಟ್ಟ ಹೆಬ್ಬೆರಳಿಗೆ ಸೀರೆ ಹರಿದು ಕಟ್ಟಿದವರು ನನ್ನ ಕೈಯನ್ನು ನಂಬದಾದರು. ಗಿರಾಕಿಗಳೆಲ್ಲ ನಂಬುತ್ತಿದ್ದರು, ಅದನ್ನು ತೆಗೆದುಕೊಂಡು ನಾನೇನು ಮಾಡಲಿ.

ಅಂಗಡಿಗೆ ಬಂದು ರಜಾಕ್ ಅವರಿಗೆ ಎಲ್ಲ ಹೇಳಿದೆ. ಅವರು ತಾಟನ್ನು ತಿರುಗಿಸಿ ತಿರುಗಿಸಿ ನೋಡಿ, ಸೀಳುಗಳಲ್ಲಿ ಬೆರಳಿಟ್ಟು, ಎದ್ದು ಹೋಗಿ ಅದಕ್ಕಾಗಿ ಗೋಡೆಗೆ ಮೊಳೆ ಹೊಡೆದರು. ಮರುದಿನದಿಂದ ಅವರು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಯಂತ್ರ ಚಾಲೂ ಮಾಡುವುದನ್ನು ಐವತ್ತಾರನೆಯ ವಯಸ್ಸಿನಲ್ಲಿ ಕಲಿತೆ. ಬಾಯಿ ಮುಚ್ಚಿ ಕೈ ಮಾಡುವುದು ಎಷ್ಟು ಕಷ್ಟ ಎಂದು ಗೊತ್ತಾಯಿತು. ಬಿಳಿ ಅಂಗಿ ತೊಡುವುದನ್ನು ಬಿಡಬೇಕಾಯಿತು. ಮೊದಲ ತಿಂಗಳು ನಾನು ಮಾತಾಡಲು ಬಾಯಿ ತೆರೆದಾಗಲೆಲ್ಲ ರಜಾಕ್ “ಮಾಲಕ್, ಕೈ” ಎನ್ನುತ್ತಿದ್ದರು. ಈಗ ಮೊದಲು ತೋಳಿನ ಗುಂಡಿ ಹಾಕಿಕೊಂಡು, ಹೆಗಲ ಟವೆಲ್ಲು ತೆಗೆದಿಡುತ್ತೇನೆ. ಆಯಿಲ್ ಕಡ್ಡಿ, ಟಾಕಿ, ನಳಿಗೆ, ಗೇರು, ಬೋಲ್ಟು, ಹಲ್ಲುಗಳ ಪಿನ್ನು, ಕೊನೆಗೆ ಕೆಂಪು ಗುಂಡಿ. ಎಣಿಸಿ ನೋಡಿದರೆ ಅದೂ ಏಳೇ ಆಗಿದೆ. ಆಮೇಲೆ ಒಂದು ಸುತ್ತು. ಹತ್ತು ಸಂಗತಿಗಳ ಭಾಷಣ ಕೇಳಲೆಂದೇ ಬರುತ್ತಿದ್ದವರು ಈಗ ನಿರಾಶರಾಗುತ್ತಾರೆ. ಮಾಲಕರಿಗೆ ವಯಸ್ಸಾಯಿತು, ದೇವರ ಕಡೆ ಮನಸ್ಸು ಹೋಗಿದೆ ಎಂದು ಒಬ್ಬರು ರಜಾಕ್ ಅವರ ಬಳಿ ಅನುಕಂಪ ತೋರಿಸಿದರಂತೆ. ನಾನು ಕೈ ಇಟ್ಟ ಕಡೆಯೆಲ್ಲ ತಾವೂ ಮುಟ್ಟಿ ಹಣೆಗೆ ಒತ್ತಿಕೊಳ್ಳುವ ಗಿರಾಕಿಗಳೂ ಇದ್ದಾರೆ. ಮೊದಲಾಗಿದ್ದರೆ ತಿದ್ದುತ್ತಿದ್ದೆ. ಈಗ, ಗೇರಿನ ಮೇಲಾದರೂ ಕೈ ಹೋಯಿತಲ್ಲ ಎಂದು ಸುಮ್ಮನಿರುತ್ತೇನೆ.

ಕಳೆದ ತಿಂಗಳು ವೈನಿ ಕಣ್ಣು ತೋರಿಸಲು ಸೋಲಾಪುರಕ್ಕೆ ಬಂದಿದ್ದರು. ಡಾಕ್ಟರು ಮಧ್ಯಾಹ್ನ ಬನ್ನಿ ಎಂದದ್ದರಿಂದ ಅಂಗಡಿಯಲ್ಲಿ ಕೂತಿದ್ದರು. ಕಣ್ಣಿಗೆ ಹಾಕಿದ ಔಷಧದಿಂದ ಅವರಿಗೆ ಎಲ್ಲ ಮಂಜುಮಂಜು. ಎಲ್ಲಿ ಕೂತಿದ್ದೇನೆ ಎಂದು ಅವರೂ ನೋಡಲಿಲ್ಲ, ಎಲ್ಲಿ ಕೂರಿಸಿದೆ ಎಂದು ನಾನೂ ನೋಡಲಿಲ್ಲ. ಮೈಂದರ್ಗಿಯ ಗಂಡಹೆಂಡತಿ ವೀಡರು ಕೇಳಿಕೊಂಡು ಬಂದರು. ನಾನು ತೋಳಿನ ಗುಂಡಿ ಹಾಕಿ ನೆಲಕ್ಕೆ ಕೂತೆ. ಒಂದೊಂದಾಗಿ ಏಳು ಕಡೆ ಕೈ ಇಟ್ಟೆ, ತೆರೆಯಬೇಕಾದ್ದನ್ನು ತೆರೆದು ನೋಡಿದೆ. ಗೇರನ್ನು ಎರಡು ಸಲ ನೋಡಿದೆ. ಎದ್ದು ಸುತ್ತು ಹಾಕಿದೆ. ಯಂತ್ರದ ಮುಂದೆ ಬಂದರೆ, ಮೂರು ಹೆಜ್ಜೆಯಾಚೆ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡು ವೈನಿ.

ವೈನಿ, ಆಕಡೆ ಸರೀರಿ ಎಂದು ಹೇಳಬಹುದಿತ್ತು. ನನಗೂ ಅವರಿಗೂ ಮಾತಿಗೇನು ಅಡ್ಡಿ. ಹುಟ್ಟಿದಂದಿನಿಂದ ಮಾತಾಡುವುದೇ ನನ್ನ ಕಸುಬು. ಆದರೆ ಬಾಯಿ ತೆರೆದಾಗ ಮಾತು ಬರಲಿಲ್ಲ. ಗಂಟಲು ತುಂಬ ಕೆಮ್ಮಿದೆ.

ವೈನಿಯ ಕೈ ಸೆರಗಿಗೆ ಹೋಯಿತು. ಎದ್ದರು. ತಡವರಿಸುತ್ತ ನಾಲ್ಕು ಹೆಜ್ಜೆ ನಡೆದು ಬಾಗಿಲ ಕಂಬ ಹಿಡಿದು ನಿಂತರು. ಹೊರಗೆ ಹೋಗುತ್ತಾರೆ ಎಂದುಕೊಂಡೆ, ಎರಡು ವರ್ಷದಿಂದ ಹೋಗುತ್ತಿದ್ದ ಹಾಗೆ. ಹೋಗಲಿಲ್ಲ. ಮಂಜು ಕಣ್ಣಿನಿಂದ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಣ್ಣ ನಗೆಯಿತ್ತು.

“ಹೂಂ,” ಎಂದರು. “ಈಗ ಎಳಿ ಹಗ್ಗಾ.”